ಬಾಗಿಲು ತಟ್ಟುವ ಗಂಡಸು

ಬಾಗಿಲು ದಡಾರನೆ ತೆರೆದುಕೊಂಡಿತು. ಲೊರೇನಳ ಕೈಯಲ್ಲಿದ್ದ ಚಹಾದ ಬಟ್ಟಲು ನೆಲಕ್ಕೆ ಬಿದ್ದು ಚೂರಾಯಿತು. ಮರುಕ್ಷಣ ಅವಳು ಒಲೆಯ ಮೂಲೆಯಲ್ಲಿ ಮುದುಡಿ, ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಿದ್ದಳು.

"ಹೊಡೀಬೇಡ ಕರ್ಟಿಸ್... ನಂದೇ ತಪ್ಪು..."

ಹೊಸ್ತಿಲಲ್ಲಿ ನಿಂತಿದ್ದವನು ಅವಳ ಗಂಡ ಕರ್ಟಿಸ್ ಅಲ್ಲ. ಪಕ್ಕದ ಮನೆಯ ಒಂಟಿ ಮೀನುಗಾರ ಆಂಬ್ರೋಸ್. ಊರಿಗೆ ಹೊಸಬಳೆಂದು ಒಂದು ಮೀನು ಹಿಡಿದು ಬಂದಿದ್ದ.

ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಆ ಕಡಲಂಚಿನ ಊರಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ನೇರ ಅಡುಗೆಮನೆಗೇ ಬಂದು ಕೂರುತ್ತಾರೆ. ತಟ್ಟುವವರು ಪೊಲೀಸರು, ಇಲ್ಲವೇ ಮುನಿಸಿಕೊಂಡ ನೆಂಟರು. ಆದರೆ ದೂರದ ಹ್ಯಾಮಿಲ್ಟನ್ ನಗರದಲ್ಲಿ ಆರು ವರ್ಷ ಗಂಡನ ಏಟು ತಿಂದು ಓಡಿಬಂದ ಹೆಣ್ಣಿಗೆ ಅದೆಲ್ಲ ಹೇಗೆ ಗೊತ್ತಿರಬೇಕು?

ಆಂಬ್ರೋಸ್ ಮೀನನ್ನು ಅಲ್ಲೇ ಇಟ್ಟು, ಹಿಂದೆ ಸರಿದ.

ಛೇ, ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು... ಲೊರೇನ್ ನಾಚಿಕೆಯಿಂದ ಕುಗ್ಗಿಹೋದಳು.

ಮರುದಿನ ಟಕ್, ಟಕ್ ಎಂದು ಸದ್ದಾಯಿತು.

"ನಾನು, ಆಂಬ್ರೋಸ್. ಒಳಗೆ ಬರಲ್ಲ. ಸೌದೆ ಮೆಟ್ಟಿಲ ಮೇಲಿಟ್ಟಿದ್ದೀನಿ."

ಅಂದಿನಿಂದ ದಿನವೂ ತಟ್ಟಿದ. ಬೇಸಿಗೆ ಮುಗಿದು ಚಳಿ ಬಂತು. ಅವನ ಅತ್ತಿಗೆ ಫಿಲೋಮಿನಾ ಬೀದಿಯಲ್ಲೇ ಚುಚ್ಚಿದಳು.

"ಏನೋ, ಬಾಗಿಲು ತಟ್ತಾ ಇದ್ದೀಯಾ, ತೆರಿಗೆ ಆಫೀಸಿಗೆ ಸೇರ್ಕೊಂಡ್ಯಾ?"

"ಹೂಂ ಅತ್ತಿಗೆ. ನಾಳೆ ನಿಮ್ಮನೆಗೇ ಬರೋದು."

ಕಿಟಕಿಯಾಚೆಗಿದ್ದ ಲೊರೇನಳಿಗೆ ನಗು ಬಂತು. ಎಷ್ಟು ವರ್ಷವಾಗಿತ್ತೋ ನಕ್ಕು.

ಆಮೇಲೆ ಒಂದು ವಾರ ಬಾಗಿಲು ಸದ್ದಾಗಲಿಲ್ಲ. ಅವನಿಗೆ ಬೇಸರ ಬಂದಿರಬೇಕು. ನನ್ನಂಥವಳನ್ನು ಯಾರು ತಾನೆ ಎಷ್ಟು ದಿನ ಸಹಿಸುತ್ತಾರೆ... ಎಂಟನೆಯ ದಿನ ಬೆಳಿಗ್ಗೆ ಕೋಟು ಹಾಕಿಕೊಂಡು ಹೊರಟವಳು ಅವನ ಬಾಗಿಲೆದುರು ಬಹಳ ಹೊತ್ತು ನಿಂತಳು. ನಂತರ ಊರವರಂತೆ, ತಟ್ಟದೆ ಒಳಗೆ ನಡೆದಳು.

ಬಲೆ ಹೆಣೆಯುತ್ತಿದ್ದ ಆಂಬ್ರೋಸ್ ಗಡಬಡಿಸಿ ಎದ್ದ.

"ಯಾಕೆ ಬರಲಿಲ್ಲ?"

"ತಟ್ಟಿದಾಗೆಲ್ಲ ನೀನು ಬೆಚ್ಚಿಬೀಳ್ತಿದ್ದೆ. ಹೋದ ವಾರ ಕಿಟಕೀಲಿ ಕಂಡ್ತು. ನಾನೂ ನಿಂಗೆ ಹಿಂಸೆ ಕೊಡ್ತಿದ್ದೀನಿ ಅನ್ನಿಸ್ತು."

"ಬೆಚ್ಚಿಬೀಳೋದು ನನ್ನ ಮೈ, ಆಂಬ್ರೋಸ್. ಕಾಯ್ತಾ ಇದ್ದದ್ದು ನಾನು."

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈ ಅಡ್ಡ ಹಿಡಿದಳು.

"ಅಲ್ಲೇ ಇರು. ಬಾಗಿಲಿಗೆ ಅಡ್ಡ ನಿಲ್ಬೇಡ. ಈ ಭಯ ಹೋಗುತ್ತೋ ಇಲ್ವೋ ನಂಗೊತ್ತಿಲ್ಲ. ಆದ್ರೆ ನೀನಂದ್ರೆ ನಂಗಿಷ್ಟ."

ಅವನ ಕಣ್ಣು ತುಂಬಿತು. ಕುರ್ಚಿಯನ್ನು ಬಾಗಿಲಿನಿಂದ ದೂರ, ಅವಳ ಎಡಗಡೆಯ ಗೋಡೆಗೆ ಒತ್ತಿ ಕುಳಿತು ಮೆಲ್ಲಗೆ ಏನೋ ಹೇಳಿದ.

"ಕೇಳಿಸ್ಲಿಲ್ಲ," ಎಂದಳು. ಯಾರಿಗೂ ಹೇಳದ ಮಾತು ಗಂಟಲಿಗೆ ಬಂತು. "ಎಡಗಿವಿ ಹೋಗಿದೆ. ಕರ್ಟಿಸ್ ಹೊಡೆದದ್ದು."

ಆಂಬ್ರೋಸ್ ಎದ್ದು, ಅವಳಿಂದ ದೂರದಲ್ಲೇ ಸುತ್ತಿ ಬಂದು ಕುರ್ಚಿಯನ್ನು ಅವಳ ಬಲಕ್ಕೆ ತಂದ.

"ಇಲ್ಲಿ ಸರಿನಾ?"

"ಇನ್ನೊಂಚೂರು ಹತ್ರ."