ಹನ್ನೊಂದು ಗುಲಾಬಿ

'ನನ್ನ ಮುಖ ನನ್ನ ಮಾತು ಕೇಳುವುದಿಲ್ಲ. ಒಳಗೆ ಅಳುತ್ತಿದ್ದರೂ ಹೊರಗೆ ಕಲ್ಲಿನಂತೆ ಇರುತ್ತದೆ. ಇವತ್ತೂ ಹಾಗೇ ಇದ್ದುಬಿಟ್ಟರೆ...?'

ದಿನಚರಿಯಲ್ಲಿ ಇಷ್ಟು ಬರೆದು ವಾರ್ಯಾ ಪೆನ್ನು ಕೆಳಗಿಟ್ಟಳು. ಕೆಳಗಿನ ಹಾಲ್‌ನಿಂದ ಸೂಟ್‌ಕೇಸಿನ ಜಿಪ್ ಎಳೆದ ಸದ್ದು ಕೇಳಿಸಿತು. ಆ ಸದ್ದು ಅವಳ ಎದೆಯ ಮೇಲೇ ಹರಿದಂತಾಯಿತು! ಅತ್ತೆ ಶಿವಬಸವ್ವ ಟೆಕ್ಸಸ್ಸಿನ ಲಿಟಲ್ ಎಲ್ಮ್‌ನ ಈ ಮನೆ ಬಿಟ್ಟು ಹೊರಟಿದ್ದರು. ಅವರನ್ನು ಕರೆದೊಯ್ಯಲು ಮಗಳು ಪ್ರೇರಣಾ ಹ್ಯೂಸ್ಟನ್ ಬಳಿಯ ಪೇರ್ಲ್ಯಾಂಡ್‌ನಿಂದ ನಿನ್ನೆಯೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ನಾಲ್ಕು ದಿನ ಇದ್ದು ಮರಳುವ ಪ್ರಯಾಣವಲ್ಲ ಇದು. "ಇನ್ನ ನಾ ಮಗಳ ಮನ್ಯಾಗ ಇರಾಕಿ" ಎಂದು ಅತ್ತೆ ಮಗನ ಮುಖಕ್ಕೇ ಹೇಳಿಯಾಗಿತ್ತು.

ವಾರ್ಯಾ ಹುಟ್ಟಿದ್ದು ರಷ್ಯಾದ ವೊಲೋಗ್ಡಾದಲ್ಲಿ. ಹೆತ್ತವರಿಲ್ಲದ ಅವಳನ್ನು ಅಜ್ಜಿ ಸಾಕಿದ್ದಳು. ಆಸ್ಟಿನ್‌ಗೆ ಓದಲು ಬಂದವಳು ಅಲ್ಲಿ ಇಳಕಲ್ಲಿನ ಶ್ರೀಶೈಲನನ್ನು ಮೆಚ್ಚಿ ಮದುವೆಯಾದಳು. ಈಗ ಹತ್ತಿರದ ಊರು ಫಾರ್ಮರ್ಸ್ ಬ್ರಾಂಚ್‌ನಲ್ಲಿ ಅವನದೊಂದು ಗ್ರಾನೈಟ್ ಅಂಗಡಿ. ಗಿರಾಕಿಗಳ ಅಡುಗೆಮನೆಯ ನಕ್ಷೆ ಬರೆಯುವುದು ಅವಳ ಕೆಲಸ. ಮಾತಿಲ್ಲದ ಕೆಲಸವಾದ್ದರಿಂದ ಅದು ಅವಳಿಗೆ ಹಿಡಿಸಿತ್ತು.

ಟೆಕ್ಸಸ್ ಅವಳನ್ನು ಹೆದರಿಸಿದ್ದು ಬಿಸಿಲಿನಿಂದಲ್ಲ, ನಗೆಯಿಂದ! ಅಂಗಡಿಯ ಹುಡುಗಿ, ಟಪಾಲಿನವನು, ಎದುರುಮನೆಯ ಮುದುಕ, ಎಲ್ಲರೂ ಬಾಯಿ ತುಂಬ ನಗುತ್ತ "ಹೇಗಿದ್ದೀಯ?" ಎನ್ನುವವರೇ. ಅವಳು ಉತ್ತರಕ್ಕೆ ಪದ ಹುಡುಕುವಷ್ಟರಲ್ಲಿ ಅವರು ಮುಂದೆ ಸಾಗಿರುತ್ತಿದ್ದರು. ಅವಳ ಊರಿನಲ್ಲಿ ಗುರುತಿಲ್ಲದವರನ್ನು ನೋಡಿ ನಕ್ಕರೆ ತಲೆ ನೆಟ್ಟಗಿಲ್ಲ ಎನ್ನುತ್ತಾರೆ. ಇಲ್ಲಿ ನಗದಿದ್ದರೆ ಹಾಗೆನ್ನುತ್ತಾರೆ. ಇಷ್ಟು ದೊಡ್ಡ ದೇಶದಲ್ಲಿ ಪ್ರಶ್ನೆ ಕೇಳಿ, ನಿಂತು, ಉತ್ತರಕ್ಕಾಗಿ ಕಾದವರು ಒಬ್ಬರೇ. ಅವರೇ ಶಿವಬಸವ್ವ.

"ಉಂಡ್ಯೇನು?" ಎಂದು ಕೇಳಿ ಅವರು ಸೊಂಟಕ್ಕೆ ಕೈಕೊಟ್ಟು ನಿಂತುಬಿಡುತ್ತಿದ್ದರು. ಉತ್ತರ ಬರುವ ತನಕ ಕದಲುತ್ತಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದರೆ ತಟ್ಟೆಗೆ ಬಿಸಿ ರೊಟ್ಟಿ ಬೀಳುತ್ತಿತ್ತು. ರೊಟ್ಟಿ ಬಡಿಯಲು ಕಲಿಸಿದವರೂ ಅವರೇ. "ಏನವಾ, ಇಷ್ಟ್ಯಾಕ ಅಂಜಿ ಅಂಜಿ ಬಡಿತಿ? ಅದೇನು ಕಚ್ಚತೈತೇನು?" ಎಂದು ನಗಾಡಿದ್ದರು. ಏಸಿಯ ತಂಪಿಗೆ ಅತ್ತೆಯ ಕಾಲು ಸೆಟೆಯುವುದನ್ನು ನೋಡಿ ವಾರ್ಯಾ ಮಾತಿಲ್ಲದೆ ಉಣ್ಣೆಯ ಕಾಲುಚೀಲ ಹೆಣೆದುಕೊಟ್ಟಿದ್ದಳು. ಇಳಕಲ್ ಸೀರೆಯ ಕೆಳಗೆ ಆ ಕೆಂಪು ಕಾಲುಚೀಲ ಹಾಕಿಕೊಂಡು ಶಿವಬಸವ್ವ ಪಾರ್ಕಿಗೂ ಹೋಗಿಬಂದಿದ್ದರು!

ಇಂಥ ಅತ್ತೆಸೊಸೆಯರ ನಡುವೆ ಬಿರುಕು ತಂದದ್ದು ಗುಲಾಬಿ ಹೂವು.

ವಾರ್ಯಾಳ ಊರಿನಲ್ಲಿ ಸಮಸಂಖ್ಯೆಯ ಹೂಗಳು ಸತ್ತವರಿಗೆ ಮಾತ್ರ. ಬದುಕಿರುವವರಿಗೆ ಒಂದು, ಮೂರು, ಐದು, ಹೀಗೆ ಬೆಸವಾಗಿಯೇ ಕೊಡಬೇಕು. ಅಮೆರಿಕದಲ್ಲಿ ಗುಲಾಬಿ ಸಿಗುವುದೇ ಡಜನ್ ಲೆಕ್ಕದಲ್ಲಿ! ಪ್ರತಿ ಶನಿವಾರ ಡಜನ್ ಕೊಂಡು, ಒಂದನ್ನು ಕಾರಿನಲ್ಲೇ ಬಿಟ್ಟು, ಹನ್ನೊಂದನ್ನು ತಂದು ಊಟದ ಮೇಜಿನ ಹೂದಾನಿಯಲ್ಲಿ ಇಡುತ್ತಿದ್ದಳು. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂರುವ ಮುನ್ನ ಶಿವಬಸವ್ವ ಅದರಿಂದ ಒಂದು ಹೂ ತೆಗೆದುಕೊಳ್ಳುತ್ತಿದ್ದರು. ಉಳಿದದ್ದು ಹತ್ತು... ವಾರ್ಯಾಳ ಜೀವ ಹಾರಿಹೋಗುತ್ತಿತ್ತು. ಅಜ್ಜಿ ತೀರಿಕೊಂಡಾಗ ಕಾಗದಪತ್ರದ ತೊಡಕಿನಿಂದ ಅವಳು ಊರಿಗೆ ಹೋಗಲಾಗಿರಲಿಲ್ಲ. ಫೋನಿನ ವಿಡಿಯೋದಲ್ಲಷ್ಟೇ ನೋಡಿದ್ದಳು, ಹಿಮದ ಮೇಲೆ ಇಟ್ಟ ನಾಲ್ಕು ಕೆಂಪು ಹೂ... ಅಂದಿನಿಂದ ಜೋಡಿ ಲೆಕ್ಕದ ಹೂ ಕಂಡರೆ ಆ ಹಿಮವೇ ಕಣ್ಣ ಮುಂದೆ ಬರುತ್ತಿತ್ತು. ಇನ್ನೊಬ್ಬ ತಾಯಿಯನ್ನು ಕಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಯಾರೂ ನೋಡದಾಗ ಇನ್ನೊಂದು ಹೂ ತೆಗೆದು ಕಸದ ಡಬ್ಬಿಗೆ ಹಾಕಿಬಿಡುತ್ತಿದ್ದಳು. ಹಿರಿಯರ ಎದುರು ಸಾವಿನ ಮಾತು ಎತ್ತುವುದು ಹೇಗೆ? ಅದೂ ಅರ್ಧಂಬರ್ಧ ಕನ್ನಡದಲ್ಲಿ!

ಗುರುವಾರ ಶಿವಬಸವ್ವ ಅದನ್ನು ಕಂಡುಬಿಟ್ಟರು. ಅವರಿಗೆ ಹೊಳೆದದ್ದು ಒಂದೇ ಅರ್ಥ. ದೇವರಿಗೆಂದು ಒಂದು ಹೂ ಮುಟ್ಟಿದರೆ ಸೊಸೆಗೆ ಮೈಲಿಗೆ, ಸಿಟ್ಟು! ಯಾಕೆಂದು ಕೇಳಿದರೆ ಅವಳ ಮುಖ ಕಲ್ಲು. ಅಂದೇ ಮಗಳಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗು ಎಂದುಬಿಟ್ಟರು.

ವಾರ್ಯಾ ಕೆಳಗಿಳಿದು ಬಂದಾಗ ಶ್ರೀಶೈಲ ತಲೆ ತಗ್ಗಿಸಿಕೊಂಡು ಸೂಟ್‌ಕೇಸ್ ಬಾಗಿಲಿಗೆ ಸಾಗಿಸುತ್ತಿದ್ದ. ನಿನ್ನೆ ತಂದ ಹನ್ನೊಂದು ಗುಲಾಬಿ ಮೇಜಿನ ಮೇಲೆ ಅರಳಿ ನಿಂತಿದ್ದವು.

"ಅವ್ವಾ, ಲೇಟ್ ಆಗಾಕತ್ತೈತಿ. ಹ್ಯೂಸ್ಟನ್ ಹತ್ರ ಟ್ರಾಫಿಕ್‌ನಾಗ ಸಿಕ್ಕೊಂತೀವಿ" ಎಂದಳು ಪ್ರೇರಣಾ.

"ಬಂದೆ ತಡಿ. ಅಲ್ಲಿ ಹೋಗಿ ಪೂಜಿ ಮಾಡಬೇಕು, ಒಂದು ಹೂವ ಒಯ್ತೀನಿ. ಅದಕ್ಕೂ ಯಾರಿಗರ ಸಿಟ್ಟು ಬಂದ್ರ ಬರಲಿ!"

ಶಿವಬಸವ್ವ ಒಂದು ಗುಲಾಬಿ ಎತ್ತಿಕೊಂಡರು. ಹತ್ತು ಉಳಿದವು. ಎದುರಿಗೆ ಹೆದ್ದಾರಿಯ ದೂರದ ದಾರಿ, ಮೇಜಿನ ಮೇಲೆ ಹತ್ತು ಹೂ! ವಾರ್ಯಾಳ ಕೈ ಅವಳನ್ನು ಕೇಳದೆಯೇ ಮುಂದೆ ಚಾಚಿಕೊಂಡಿತು. ಒಂದು ಗುಲಾಬಿಯನ್ನು ಸೆಳೆದುಕೊಂಡಿತು.

ಶಿವಬಸವ್ವ ಆ ಮಣಿಕಟ್ಟನ್ನು ಗಪ್ಪನೆ ಹಿಡಿದರು.

"ನೋಡ್! ಶ್ರೀಶೈಲಾ, ಕಣ್ಣಾರೆ ನೋಡಪಾ! ನಾ ಒಂದು ತಗೊಂಡ್ರ ಅಕಿ ಒಂದು ಕಿತ್ತು ಒಗಿಯೂದು... ಹೊಂಟ ಹೊತ್ತಿನಾಗೂ ಬಿಡಲಿಲ್ಲ! ನಾ ಏನ್ ಪಾಪ ಮಾಡೀನಿ ನಿನಗ? ಹೇಳ! ಬಾಯಿ ಬಿಡ!"

"ಟೂ ಮಚ್ ಆತು ಇದು, ವೈನಿ" ಎಂದಳು ಪ್ರೇರಣಾ. "ಒಂದ್ ಹೂವಿಗೂ ಲೆಕ್ಕಾನಾ?"

ವಾರ್ಯಾಳ ತುಟಿ ಅಲುಗಿತು. ಲೆಕ್ಕ ಎಂಬ ಮಾತು ಕೇಳಿ ಶ್ರೀಶೈಲ ತಟ್ಟನೆ ನಿಂತ. ಹೂದಾನಿಯತ್ತ ನೋಡಿದ. ಒಂದು... ಮೂರು... ಒಂಬತ್ತು. ಅವನ ಮುಖ ಬಿಳಿಚಿತು.

"ಅವ್ವಾ... ಅಕಿ ಕೈ ಬಿಡು. ತಪ್ಪು ನಂದು. ಅಕಿ ಅಜ್ಜೀನ ಮಣ್ಣು ಮಾಡಿದ ವಿಡಿಯೋ ನೋಡಿದಾಗ, ನಾಲ್ಕ ಹೂವ ಯಾಕಂತ ನಾನೇ ಕೇಳಿದ್ದೆ. ಅಕಿ ಹೇಳಿದ್ಲು, ನಾನು ಮರತಬಿಟ್ಟೆ! ಅವರ ಕಡೆ ಜೋಡಿ ಲೆಕ್ಕದ ಹೂವ ಸತ್ತವರಿಗೆ ಇಡೂದು. ನೀ ಒಂದು ತಗೊಂಡ್ರ ಹತ್ತು ಉಳೀತಾವ. ನಿನಗ ಏನರ ಆದೀತು ಅಂತ ಅಂಜಿ ಅಕಿ..."

ಶಿವಬಸವ್ವ ತಮ್ಮ ಕೈಯ ಹೂವನ್ನು ನೋಡಿದರು, ಸೊಸೆಯ ಕೈಯ ಹೂವನ್ನು ನೋಡಿದರು. ಹಿಡಿದ ಮಣಿಕಟ್ಟಿನ ಮೇಲೆ ಅವರ ಬೆರಳು ಮೆತ್ತಗಾದವು.

"ಅಯ್ಯ ನನ್ನವ್ವ! ಇಷ್ಟ ಏನು?... ಇದನ್ನ ಮೊದಲ ಹೇಳಬಾರದೇನ? ನಾ ದಿನಾ ಎರಡು ತಗೋತಿದ್ದೆ! ನಮ್ಮ ದೇವರು ಎರಡನೇದನ್ನ ಒಲ್ಲೆ ಅಂತಿದ್ನೇನು?"

ಅವರು ನಗಲು ಹೋದರು. ನಗೆಯ ಜೊತೆಗೇ ಕಣ್ಣೀರು ಧುಮುಕಿತು. ಸೆರಗಿನಿಂದ ಮುಖ ಒತ್ತಿಕೊಂಡರು. ಪ್ರೇರಣಾ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಮೆಲ್ಲಗೆ ಕೇಳಿದಳು:

"ಅವ್ವಾ... ಈಗ ಏನ್ ಮಾಡೂಣು? ಹೋಗೂದೋ?"

"ಹೋಗಬೇಕಲ್ಲ. ಹೊಂಟೀನಿ ಅಂತ ಊರ ಮುಂದ ಹೇಳಿ ಆಗೇತಿ. ನೀ ಅಳಿಯಂದ್ರಿಗೂ ಫೋನ್ ಮಾಡಿ ಹೇಳೀದಿ." ಶಿವಬಸವ್ವ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದರು. ಆದರೆ ಎಳೆಯಲಿಲ್ಲ. "ನಾನಾಗೇ ಇರ್ತೀನಂತ ಹೆಂಗ ಅನ್ಲಿ? ಇರು ಅಂದವರು ಯಾರು?"

ಹಿಡಿ ಬಿಟ್ಟು, ಸೊಂಟಕ್ಕೆ ಕೈಕೊಟ್ಟು, ಸೊಸೆಯತ್ತ ತಿರುಗಿ ನಿಂತರು. ಸೀರೆಯ ಅಂಚಿನ ಕೆಳಗೆ ಕೆಂಪು ಉಣ್ಣೆಯ ಕಾಲುಚೀಲ ಕಾಣುತ್ತಿತ್ತು. "ಉಂಡ್ಯೇನು?" ಎಂದು ಕೇಳಿ ನಿಲ್ಲುತ್ತಿದ್ದರಲ್ಲ, ಹಾಗೆಯೇ ಉತ್ತರಕ್ಕಾಗಿ ಕಾದರು.

ವಾರ್ಯಾಳ ಕಲ್ಲಿನ ಮುಖ ಮೊದಲು ಗಲ್ಲದಲ್ಲಿ ಕಂಪಿಸಿತು, ಆಮೇಲೆ ತುಟಿಯಲ್ಲಿ. ಕಣ್ಣು ತುಂಬಿ ಅತ್ತೆಯ ಮುಖ ಮಸುಕಾಯಿತು. ಅವಳು ತನ್ನ ಕೈಯ ಗುಲಾಬಿಯನ್ನು ದೇವರಿಗೆಂದು ಅತ್ತೆಯ ಕೈಯ ಗುಲಾಬಿಯ ಪಕ್ಕದಲ್ಲಿ ಇಟ್ಟಳು; ಹೂದಾನಿಯಲ್ಲಿ ಉಳಿದದ್ದು ಒಂಬತ್ತು. ರಷ್ಯನ್ನೂ ಅಲ್ಲ, ಇಂಗ್ಲಿಷೂ ಅಲ್ಲ, ರೊಟ್ಟಿ ಬಡಿಯುತ್ತ ಕಲಿತ ಆ ಮಾತಿನಲ್ಲೇ, ಮನೆಯವರೆಲ್ಲ ಕೇಳುವಂತೆ ಹೇಳಿದಳು:

"ಹೋಗಬ್ಯಾಡ್ರಿ, ಅತ್ತಿ... ನನಗ ನೀವು ಬೇಕು!"