ಏಳೂಕಾಲರ ತಪಾಸಣೆ

ಬೆಳಿಗ್ಗೆ ಏಳೂಕಾಲಿಗೆ ಒಂದೇ ಒಂದು ಸದ್ದು. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದಂತೆ. ಮೆಕ್ಯಾನಿಕ್ ಶೆಡ್ಡಿನಿಂದ ಓಡಿ ಬರುವಷ್ಟರಲ್ಲಿ, ಎತ್ತಿ ನಿಲ್ಲಿಸಿದ್ದ ಲಾರಿಯ ಕ್ಯಾಬಿನ್ ಕೆಳಗೆ ಬಿದ್ದಿತ್ತು. ಅದಕ್ಕೂ ಎಂಜಿನ್ನಿಗೂ ನಡುವೆ ಅವನ ಭಾವ ಸಿಕ್ಕಿಕೊಂಡಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಅದರಲ್ಲೊಂದು ಸ್ವಲ್ಪ ಹೊತ್ತು ಅಲುಗಾಡಿ ಆಮೇಲೆ ನಿಂತುಹೋಯಿತು.

ಆ ಭಾವನಿಗೆ ಲಾರಿ ನಿಲ್ದಾಣದವರು ಇಟ್ಟ ಹೆಸರು ‘ಚೆಕಿಂಗ್’. ಉಳಿದ ಚಾಲಕರು ಟೀ ಕುಡಿಯುತ್ತಲೇ ತಪಾಸಣೆ ಹಾಳೆಗೆ ಸರಸರನೆ ಗುರುತು ಹಾಕಿ ಹೊರಡುವವರು. ಇವನೊಬ್ಬ ಮಾತ್ರ ದಿನಾ ಕ್ಯಾಬಿನ್ ಅರ್ಧ ಎತ್ತಿ, ಆಸರೆ ಕಂಬಿ ಕೊಟ್ಟು, ಬೆಲ್ಟ್ ಒತ್ತಿ, ಪೈಪು ತಡವಿ, ರೇಡಿಯೇಟರ್ ನೀರು ನೋಡಿ, ಕೊನೆಗೆ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಆ ಹಾಳೆಯ ಮೂಲೆಗೇ ಒರೆಸುತ್ತಿದ್ದ. “ನೋಡಿದ್ದಕ್ಕೆ ಸಾಕ್ಷಿ ಇರಲಿ” ಎನ್ನುತ್ತಿದ್ದ. ಅವನ ಹಾಳೆಗಳಿಗೆಲ್ಲ ಒಂದೊಂದು ಆಯಿಲ್ ಕಲೆ. ಅವನ್ನೆಲ್ಲ ಕಡತಕ್ಕೆ ಸೇರಿಸುವ ಗುಮಾಸ್ತೆ ಅವನ ಹೆಂಡತಿಯೇ, ಅಂದರೆ ಮೆಕ್ಯಾನಿಕ್ಕಿನ ಅಕ್ಕ.

ಅಕ್ಕ ಲಾರಿಯ ಹಿಂದೆಯೇ ಇದ್ದ ಕಚೇರಿಯಿಂದ ಓಡಿ ಬಂದಳು. ಗಂಡನ ಕಾಲು ನೋಡಿದಳು. ಆಮೇಲೆ ತಿರುಗಿ ತಮ್ಮನ ಕೆನ್ನೆಗೆ ಬಾರಿಸಿದಳು.

“ನಿನ್ನೆ ಪಂಪ್ ರಿಪೇರಿ ಮಾಡಿದ್ದು ನೀನೇ ಅಲ್ವೇನೋ? ನನ್ನ ಗಂಡನ್ನ ಕೊಂದ್ಯಲ್ಲೋ.”

ಹೌದು, ಕ್ಯಾಬಿನ್ ಎತ್ತುವ ಪಂಪಿನ ವಾಷರ್ ಬದಲಿಸಿದ್ದು ಅವನೇ. ತಾಯಿ ಸತ್ತ ಮೇಲೆ ಅವನಿಗೆ ಅನ್ನ ಕಲಸಿ ತಿನ್ನಿಸಿ ದೊಡ್ಡವನನ್ನಾಗಿ ಮಾಡಿದವಳು ಈ ಅಕ್ಕ. ಜೈಲಿಗೆ ಹೋದರೂ ಹೋಗಲಿ, ತನ್ನ ಕೈಯಿಂದ ಈ ಸಾವು ಆಗಿಲ್ಲ ಎಂದು ಇವಳೊಬ್ಬಳು ನಂಬಿದರೆ ಸಾಕು ಎಂದು ಅವನ ಜೀವ ಒದ್ದಾಡುತ್ತಿತ್ತು.

ಒಂಬತ್ತಕ್ಕೆ ಇನ್ಸ್‌ಪೆಕ್ಟರ್ ಬಂದರು. ಸಣಕಲು ಮನುಷ್ಯ, ಮೆಲ್ಲನೆಯ ದನಿ. ಕ್ಯಾಬಿನ್ ಎತ್ತಿಸಿ ಹೆಣ ತೆಗೆಸಿದರು. ಆಸರೆ ಕಂಬಿ ಚಕ್ರದ ಪಕ್ಕ ನೆಲದ ಮೇಲೆ ಬಿದ್ದಿತ್ತು. ಹಲಗೆಗೆ ಸಿಕ್ಕಿಸಿದ್ದ ತಪಾಸಣೆ ಹಾಳೆ ಬಾಗಿಲಿಗೆ ನೇತಾಡುತ್ತಿತ್ತು. ಎಲ್ಲ ಸಾಲಿಗೂ ಗುರುತು, ಮೂಲೆಯಲ್ಲಿ ಎಂದಿನ ಹಾಗೆ ಕಪ್ಪು ಕಲೆ. ಕೆಳಗೆ ಚೆಕಿಂಗ್‌ನ ಕೋಳಿಕಾಲು ಅಕ್ಷರದಲ್ಲಿ ಒಂದು ಸಾಲು: ‘ಪಂಪ್ ಜಿನುಗುತ್ತಿದೆ. ರಿಪೇರಿ ಸರಿಯಿಲ್ಲ.’

ಮೆಕ್ಯಾನಿಕ್ಕಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು.

“ನಿನ್ನೆ ಈ ಲಾರಿಗೆ ಏನೇನು ಮಾಡಿದೆ?” — ಇನ್ಸ್‌ಪೆಕ್ಟರ್ ಕೇಳಿದರು.

“ಮಧ್ಯಾಹ್ನ ಪಂಪಿನ ವಾಷರ್ ಹಾಕ್ದೆ ಸಾರ್. ಸಂಜೆ ಆರೂವರೆಗೆ ಎಂಜಿನ್ ಆಯಿಲ್ ಬದಲಾಯಿಸ್ದೆ. ಬ್ಯಾಟರಿ ಚಾರ್ಜಿಗೆ ಹಾಕಿದೀನಿ. ಇನ್ನೂ ಶೆಡ್ಡಲ್ಲೇ ಇದೆ.”

“ಅಂದ್ರೆ ಆಮೇಲೆ ಎಂಜಿನ್ ಸ್ಟಾರ್ಟ್ ಆಗಿಲ್ಲ?”

“ಇಲ್ಲ ಸಾರ್.”

“ಸಂಜೆ ಇಲ್ಲಿ ಯಾರ್ಯಾರಿದ್ರು?”

“ನಾನು, ಭಾವ, ಮೀಸೆ. ಹಳೇ ಆಯಿಲ್ ಇಳಿಸೋಕೆ ಡಬ್ಬ ಹಿಡಿದಿದ್ದೇ ಮೀಸೆ.”

ಮೀಸೆ ಎಂದರೆ ಪಕ್ಕದ ಲಾರಿಯ ಚಾಲಕ. ಸವೆದ ಬೆಲ್ಟ್ ಹಾಕಿಕೊಂಡು ಓಡಿಸುತ್ತಾನೆಂದು ಚೆಕಿಂಗ್ ದೂರು ಕೊಟ್ಟು, ಹೋದ ತಿಂಗಳು ಅವನನ್ನು ಹದಿನೈದು ದಿನ ಮನೆಯಲ್ಲಿ ಕೂರಿಸಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ ಅವನು ತಾನಾಗಿಯೇ ಮುಂದೆ ಬಂದ.

“ನನಗೂ ಅವನಿಗೂ ಆಗ್ತಿರ್ಲಿಲ್ಲ, ನಿಜ. ಆದ್ರೆ ಕೊಲ್ಲೋವಷ್ಟು ಇರ್ಲಿಲ್ಲ ಸಾರ್.”

“ಕೊಲೆ ಅಂತ ನಾನು ಹೇಳೇ ಇಲ್ವಲ್ಲಪ್ಪಾ?”

ಮೀಸೆ ಒಂದು ಹೆಜ್ಜೆ ಹಿಂದೆ ಸರಿದ. ಇನ್ಸ್‌ಪೆಕ್ಟರ್ ಅವನನ್ನು ಅಲ್ಲೇ ಬಿಟ್ಟು ಕಚೇರಿಗೆ ನಡೆದರು. ಮೆಕ್ಯಾನಿಕ್ ಕರೆಯದಿದ್ದರೂ ಹಿಂದೆಯೇ ಹೋದ.

ಅಕ್ಕ ಕಡತಗಳ ನಡುವೆ ನೆಟ್ಟಗೆ ಕೂತಿದ್ದಳು. ಇನ್ಸ್‌ಪೆಕ್ಟರ್ ಒಂದು ಕಡತ ತೆರೆದು, ಚೆಕಿಂಗ್‌ನ ಹಳೇ ಹಾಳೆಗಳ ಮೂಲೆಯ ಕಲೆಗಳನ್ನು ಒಂದೊಂದಾಗಿ ನೋಡಿದರು.

“ನಿನ್ನೆ ಎಷ್ಟು ಹೊತ್ತಿಗೆ ಮನೆಗೆ ಹೋದ್ರಿ ಅಮ್ಮಾ?”

“ಐದಕ್ಕೆ. ದಿನಾ ಐದಕ್ಕೇ ಹೋಗ್ತೀನಿ.”

“ರಾತ್ರಿ ಯಜಮಾನರು ಲಾರಿ ವಿಷಯ ಏನಾದ್ರೂ ಹೇಳಿದ್ರಾ?”

“ಅವರು ಮನೇಲಿ ಪ್ರಶ್ನೆ ಕೇಳೋರು. ಸುದ್ದಿ ಹೇಳ್ತಿರ್ಲಿಲ್ಲ.”

“ಅವರ ಅರ್ಜಿ-ಗಿರ್ಜಿ ಅವರ ಕೈಬರಹದಲ್ಲೇ ಬರೆದುಕೊಡ್ತಿದ್ದಿದ್ದು ಯಾರು?”

ಅಕ್ಕ ತಡವರಿಸಿದಳು. “ನಾನೇ. ಯಾಕೆ?”

ಇನ್ಸ್‌ಪೆಕ್ಟರ್ ಎಲ್ಲರನ್ನೂ ಲಾರಿಯ ಬಳಿ ಕರೆದರು. ಕ್ಯಾಬಿನ್ನಿಗೆ ಕಂಬಿ ಕೊಟ್ಟಿದೆಯೇ ಎಂದು ಎರಡು ಸಲ ನೋಡಿ, ಒಳಗೆ ಕೈ ಹಾಕಿ ಕಡ್ಡಿ ಎಳೆದರು. ತುದಿಯನ್ನು ಬಿಳಿ ಕಾಗದಕ್ಕೆ ಒರೆಸಿದರು. ಜೇನಿನ ಬಣ್ಣ.

“ಈಗ ಹಾಳೆ ನೋಡಿ,” ಎಂದರು. “ಕಲೆ ಕಪ್ಪು. ಹೊಸ ಆಯಿಲ್ ತುಂಬಿದ ಎಂಜಿನ್ ಇನ್ನೂ ಓಡಿಲ್ಲ. ಆಯಿಲ್ ಕಪ್ಪಾಗೋದು ಹೇಗೆ? ಈ ಕಲೆ ಇವತ್ತಿನದಲ್ಲ. ನಿನ್ನೆ ಹಳೇ ಆಯಿಲ್ ಇದ್ದಾಗಲೇ ಯಾರೋ ಹಾಳೆ ತಯಾರು ಮಾಡಿಟ್ಟು, ಇವತ್ತು ತಂದು ಹಲಗೆಗೆ ಸಿಕ್ಕಿಸಿದ್ದಾರೆ. ಇನ್ನೊಂದು — ಪಂಪ್ ಜಿನುಗ್ತಿದೆ ಅಂತ ತನ್ನ ಕೈಯಾರೆ ಬರೆದ ಮನುಷ್ಯ, ಅದೂ ಈ ಮನುಷ್ಯ, ಕಂಬಿ ತೆಗೆದುಹಾಕಿ ತಲೆ ಒಳಗಿಡ್ತಾನಾ? ಕಂಬಿ ಎಳೆದು, ಕ್ಯಾಬಿನ್ ಕೆಳಗಿಳಿಸೋ ಪಂಪಿನ ವಾಲ್ವ್ ತಿರುಗಿಸಿದವರು ಬೇರೆ.”

“ಯಾರು ಸಾರ್?” — ಮೆಕ್ಯಾನಿಕ್ ಕೇಳಿದ.

“ಹಾಳೆಗೆ ಕಲೆ ಬೇಕೇ ಬೇಕು ಅಂತ ಗೊತ್ತಿದ್ದವರು. ಅವನ ಅಕ್ಷರ ಬರೆಯಬಲ್ಲವರು. ಆದ್ರೆ ಸಂಜೆ ಆಯಿಲ್ ಬದಲಾಗಿದ್ದು ಗೊತ್ತಿಲ್ಲದವರು. ನಿನಗೆ ಗೊತ್ತಿತ್ತು. ಮೀಸೆಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ಐದು ಗಂಟೆಗೇ ಮನೆಗೆ ಹೋದವರು.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹಾಕಿದ ಲೆಕ್ಕ ಒಂದು ಡಬ್ಬ ಹೊಸ ಆಯಿಲಿನಲ್ಲಿ ಜಾರಿಬಿದ್ದಿತ್ತು.

ಅಕ್ಕ ಅಳಲಿಲ್ಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಹದಿನೆಂಟು ವರ್ಷ,” ಎಂದಳು. “ದಿನಾ ಲಾರಿಗೆ ಬರೋಕೆ ಮುಂಚೆ ನನ್ನ ಚೆಕಿಂಗ್. ಬ್ಯಾಗು, ಫೋನು, ಅಲಮಾರು, ಒಗೆಯೋ ಬಟ್ಟೆ. ಒಂದು ಏನಾದ್ರೂ ಅತ್ತಿತ್ತ ಆಗಿದ್ರೆ ಏಟು. ಏಟು ಹಾಕೋದರಲ್ಲೂ ಶಿಸ್ತಿತ್ತು. ಕಾಣೋ ಜಾಗಕ್ಕೆ ಹೊಡೀತಿರ್ಲಿಲ್ಲ.”

ಮೆಕ್ಯಾನಿಕ್ ಮುಂದೆ ಬಂದ. ತಾನು ಆರೋಪದಿಂದ ಪಾರಾದದ್ದೂ ಅವನಿಗೆ ಅರ್ಥವಾಗಿರಲಿಲ್ಲ.

“ನನ್ನ ಮೇಲೆ ಯಾಕೆ ಹಾಕ್ದೆ ಅಕ್ಕಾ? ನಾನು ಮಾಡಿಲ್ಲ ಅಂತ ನೀನು ನಂಬಿದ್ರೆ ಸಾಕು ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದ್ದೆ ಕಣೇ.”

“ನೀನು ಮಾಡಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನಗಾದ್ರೆ ಅಜಾಗರೂಕತೆ ಅಂತಾರೆ, ಎರಡು ವರ್ಷ. ನನಗಾದ್ರೆ ಜೀವನಪೂರ್ತಿ. ನೀನು ತಡ್ಕೋತಿದ್ದೆ.”

“ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?”

ಆಗ ಅಕ್ಕ ಅವನ ಮುಖ ನೇರವಾಗಿ ನೋಡಿದಳು.

“ಮೂರು ಸಲ ನಿನ್ನ ಬಾಗಿಲಿಗೆ ಬಂದೆ. ಮೂರು ಸಲವೂ ನೀನು ‘ಹೊಂದಿಕೊಂಡು ಹೋಗಕ್ಕಾ’ ಅಂದೆ. ಮೂರು ಸಲವೂ ನೀನೇ ಬೈಕ್ ಮೇಲೆ ಕೂರಿಸ್ಕೊಂಡು ವಾಪಸ್ ಬಿಟ್ಟು ಬಂದೆ. ಅವತ್ತೆಲ್ಲ ಇನ್ನೂ ಜಾಸ್ತಿ ಹೊಡೆದ.”

ಮೂರನೆಯ ಸಲ ಅವಳು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಬಂದಿದ್ದಳು. ಬೈಕಿನ ಮೇಲೆ ದಾರಿಯುದ್ದಕ್ಕೂ ಒಂದೇ ಕೈಯಿಂದ ಅವನ ಭುಜ ಹಿಡಿದಿದ್ದಳು. ಅವನಿಗೆ ಅದು ಚೆನ್ನಾಗಿ ನೆನಪಿತ್ತು.

ಜೀಪು ಬಂತು. ಮೆಟ್ಟಿಲು ಎತ್ತರವಿತ್ತು. ಅಕ್ಕ ಹತ್ತಲು ತಡವರಿಸಿದಾಗ ಅವನು ಕೈ ಚಾಚಿದ. ಅವಳು ಆ ಕೈಯನ್ನು ಒಮ್ಮೆ ನೋಡಿ, ಪಕ್ಕದಲ್ಲಿದ್ದ ಪೇದೆಯ ಕೈ ಹಿಡಿದು ಹತ್ತಿದಳು.