ಇಪ್ಪತ್ತಾರು ಕೆಟಲ್

ಒಂದು ಎಲೆಕ್ಟ್ರಿಕ್ ಕೆಟಲ್‌ಗೆ ವಿಮಾನ ಕಂಪನಿಯ ಹನ್ನೆರಡು ಸಾವಿರ ಪಾಯಿಂಟು.

ಅದೇ ಹನ್ನೆರಡು ಸಾವಿರ ಪಾಯಿಂಟಿಗೆ ವಿಮಾನದಲ್ಲಿ ಕಿಟಕಿ ಪಕ್ಕದ ಒಂದು ಸೀಟು ಸಿಗುತ್ತದೆ. ಆ ಸೀಟಿನ ದುಡ್ಡಿಗೆ ಅಂಗಡಿಯಲ್ಲಿ ಅಂಥ ಕೆಟಲ್ ಎಂಟು ಬರುತ್ತವೆ. ಹಾಗಾಗಿ ಪಾಯಿಂಟು ಸುರಿದು ಕೆಟಲ್ ತರಿಸುವವರು ಒಂದೋ ಲೆಕ್ಕ ಬಾರದವರು, ಇಲ್ಲವೇ ಯಾರ ಮೇಲೋ ಹಲ್ಲು ಮಸೆಯುತ್ತಿರುವವರು.

ಅವಳಿಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು!

ಇಪ್ಪತ್ತಾರು ಕೆಟಲ್ ತರಿಸಿದ್ದಳು. ಅವನು ಕೂಡಿಟ್ಟ ಪಾಯಿಂಟಿನಲ್ಲಿ, ಅವನ ಮನೆ ವಿಳಾಸಕ್ಕೆ.

ಈ ಮಧ್ಯಾಹ್ನ ಅವಳು ತನ್ನ ವರ್ಕ್‌ಶಾಪಿನಲ್ಲಿ ಕೂತು, ಯಾರದೋ ಮೇಲ್ದವಡೆಯ ಕೃತಕ ಹಲ್ಲಿನ ಸೆಟ್ಟಿಗೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಬಾಗಿಲು ಕಿರ್ರೆಂದಿತು. ತಲೆ ಎತ್ತಿದಳು.

ಅವನು! ಒಂದು ವರ್ಷದ ಮೇಲೆ...

ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಕೆಟಲ್.

ಅವಳ ಕೈಯಲ್ಲಿದ್ದ ಮುಂದಿನ ಹಲ್ಲು ಸೊಟ್ಟಗೆ ಕೂತಿತು.

"ಇದು ಇಪ್ಪತ್ತಾರನೇದು," ಎಂದ ಅವನು. "ಉಳಿದವು ನನ್ನ ಮೆಟ್ಟಿಲ ಮೇಲಿವೆ. ನಾನು ಅಂಗಡಿ ಇಟ್ಟಿದೀನಿ ಅನ್ಕೊಂಡು ಓನರ್ ಬಾಡಿಗೆ ಏರಿಸ್ತಾನಂತೆ."

"ಏರಿಸ್ಲಿ."

ಒಳಗೆ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದ ಚಿಕ್ಕಮ್ಮ ಇಣುಕಿದಳು. "ಯಾರೇ ಅದು? ಓಹೋ... ಗೋಲ್ಡ್ ಕಾರ್ಡ್ ಸಾಹೇಬ್ರು! ಬನ್ನಿ ಬನ್ನಿ, ವಿಮಾನ ಎಲ್ಲಿ ನಿಲ್ಲಿಸಿದೀರಿ? ರಸ್ತೆಗೆ ಅಡ್ಡ ಇಟ್ಟಿಲ್ಲ ತಾನೇ?"

ಅವನು ಲಿಫ್ಟ್ ರಿಪೇರಿಯವನು. ಕಂಪನಿ ಊರೂರಿಗೆ ವಿಮಾನದಲ್ಲಿ ಕಳಿಸುತ್ತಿತ್ತು, ಹಾರಿದಷ್ಟೂ ಪಾಯಿಂಟು. ಮೇಣ, ಪ್ಲಾಸ್ಟರ್, ಹಲ್ಲಿನ ಪೆಟ್ಟಿಗೆಗಳನ್ನು ಅವಳು ಕ್ರೆಡಿಟ್ ಕಾರ್ಡಿನಲ್ಲಿ ಕೊಳ್ಳುತ್ತಿದ್ದಳು, ಕೊಂಡಷ್ಟೂ ಪಾಯಿಂಟು. ಮದುವೆ ಗೊತ್ತಾದಾಗ ಎರಡನ್ನೂ ಒಂದೇ ಖಾತೆಗೆ ಸೇರಿಸಿ, ತನ್ನ ಹೆಸರಿನ ಜೊತೆ ಅವಳ ಹೆಸರನ್ನೂ ಅವನು ಬರೆಸಿದ್ದ.

ಎಂಬತ್ತು ಸಾವಿರ ಸೇರಿದರೆ ಇಬ್ಬರೂ ಆ ದೂರದ ದ್ವೀಪಕ್ಕೆ ಹೋಗಿಬರಬಹುದಿತ್ತು. ಎರಡನೇ ವರ್ಷವೇ ಸೇರಿತು. "ಇನ್ನೊಂದಿಷ್ಟು ಆಗ್ಲಿ, ಮುಂದಿನ ದೊಡ್ಡ ಸೀಟಲ್ಲಿ ಕಾಲು ಚಾಚಿ ಹೋಗೋಣ," ಎಂದ. ಅಷ್ಟೂ ಆಯಿತು. ಆ ಹೊತ್ತಿಗೆ ವಿಮಾನ ಕಂಪನಿಯವರು ದ್ವೀಪದ ದರ ಏರಿಸಿದರು. "ಇನ್ನೊಂದಿಷ್ಟು..." ಎಂದ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಹಲ್ಲು ಮಾಡುವವಳಿಗೆ ಆ ಗಾದೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊನೆಗೆ ರಿಜಿಸ್ಟರ್ ಮದುವೆಯ ದಿನವೂ ಬಂತು. ಅದು ಅವನ ಗೋಲ್ಡ್ ಕಾರ್ಡಿನ ವರ್ಷದ ಕೊನೇ ದಿನವೂ ಆಗಿತ್ತು. ವರ್ಷಕ್ಕೆ ಇಷ್ಟು ಸಲ ಹಾರಿದವರಿಗೇ ಆ ಕಾರ್ಡು; ಇನ್ನೊಂದು ಸಲ ಹಾರದಿದ್ದರೆ ಅದು ಹೋಗುತ್ತಿತ್ತು. ಬೆಳಿಗ್ಗೆ ಹಾರಿ, ಆ ಊರಲ್ಲಿ ಇಳಿದು, ಅದೇ ವಿಮಾನ ಹತ್ತಿ ಮಧ್ಯಾಹ್ನಕ್ಕೆ ವಾಪಸ್ ಬರುತ್ತೇನೆ ಎಂದು ಹೋದ. ಕೆಲಸವಿಲ್ಲ, ಕಾರ್ಯವಿಲ್ಲ. ಹೋಗುವುದು, ಬರುವುದು!

ಆ ವಿಮಾನ ಕೆಟ್ಟು ಅಲ್ಲೇ ಕೂತಿತು.

ಇಲ್ಲಿ ರಿಜಿಸ್ಟರ್ ಕಚೇರಿಯ ಬೆಂಚಿನ ಮೇಲೆ ಅವಳು ಕೂತಿದ್ದಳು, ಐದು ಗಂಟೆಗೆ ಬೀಗ ಹಾಕುವವರೆಗೂ. ಆ ಸಂಜೆಯೇ ಅವನ ನಂಬರ್ ಬ್ಲಾಕ್ ಮಾಡಿದಳು.

ಮರೆತೇಬಿಡುತ್ತಿದ್ದಳೇನೋ. ಆದರೆ ಹೋದ ವಾರ ಮೊಬೈಲಿಗೆ ವಿಮಾನ ಕಂಪನಿಯ ಮೆಸೇಜು: 'ಅಭಿನಂದನೆಗಳು! ನಿಮ್ಮ ಕುಟುಂಬದ ಖಾತೆ ಮೂರು ಲಕ್ಷ ದಾಟಿದೆ.'

ಕುಟುಂಬ! ಯಾವ ಕುಟುಂಬ? ಮೈ ಉರಿದುಹೋಯಿತು. 'ನನ್ನನ್ನ ಬೆಂಚಿನ ಮೇಲೆ ಕೂರಿಸಿ ಇನ್ನೂ ಕೂಡಿಡ್ತಾನೇ ಇದಾನಾ?'

ಪಾಯಿಂಟು ಕಳೆದರೆ ಅವನಿಗೆ ಅಷ್ಟೇನೂ ನೋಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೆಟ್ಟ ದರಕ್ಕೆ ಕಳೆದರೆ ಮಾತ್ರ ಅವನು ಮೂರು ದಿನ ಊಟ ಬಿಡುತ್ತಾನೆ. ಹುಡುಕಿ ಹುಡುಕಿ, ಪಟ್ಟಿಯಲ್ಲೇ ಅತ್ಯಂತ ದಂಡದ ವಸ್ತುವನ್ನು ಆರಿಸಿದ್ದಳು. ಒಟ್ಟಿಗೆ ತರಿಸಿರಲಿಲ್ಲ. ಒಂದೊಂದಾಗಿ, ಇಪ್ಪತ್ತಾರು ಸಲ ಒತ್ತಿದ್ದಳು. ಪ್ರತಿ ಸಲವೂ ಹಿತವಾಗಿತ್ತು!

"ಜಗಳಕ್ಕೆ ಬಂದ್ಯಾ?" ಎಂದಳು ಈಗ.

"ಇಲ್ಲ. ನೋಡೋಕೆ ಬಂದೆ."

"ಬ್ಯಾಗ್ ಯಾಕೆ?"

ಅವನು ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿದ. ಅವಳ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಅದೇ ತಾರೀಖು... ಕಾರ್ಡಿನ ವರ್ಷದ ಕೊನೇ ದಿನ!

"ಇವತ್ತೂ ಹಾರ್ತಿದೀಯ?"

"ನಾಲ್ಕೂವರೆಗೆ."

"ಅಂದ್ರೆ ಏರ್‌ಪೋರ್ಟಿಗೆ ಹೋಗೋ ದಾರೀಲಿ ಬಂದೆ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಹೌದು. ದಾರೀಲೇ ಬಂದೆ."

ಚಿಕ್ಕಮ್ಮ ಪ್ಲಾಸ್ಟರಿನ ಬಟ್ಟಲನ್ನು ಠಪ್ಪೆಂದು ಕುಕ್ಕಿದಳು. "ನಾಯಿ ಬಾಲ ಕಣೇ! ಕಳಿಸು ಆಚೆ."

ಅವಳು ಕಳಿಸಲಿಲ್ಲ. ಬಾಗಿಲ ಬಳಿಯ ಬೆಂಚನ್ನು ತೋರಿಸಿದಳು. ಗಿರಾಕಿಗಳು ಕಾಯುವ ಮರದ ಬೆಂಚು.

"ಕೂತ್ಕೋ. ಐದು ಗಂಟೆವರೆಗೆ. ನಾನು ಕೂತಿದ್ದೆ, ನೀನೂ ಕೂತ್ಕೋ. ಹಾಂ... ಕೂತ ಮೇಲೆ ಕ್ಷಮಿಸ್ತೀನಿ ಅಂತ ಮಾತ್ರ ಅನ್ಕೋಬೇಡ."

"ಫ್ಲೈಟ್..."

"ಬಾಗಿಲು ತೆರೆದೇ ಇದೆ."

ಅವನು ಬಾಗಿಲನ್ನು ನೋಡಿದ. ಅವಳನ್ನು ನೋಡಿದ. ಕೆಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಅವಳು ಸೊಟ್ಟ ಹಲ್ಲನ್ನು ಕಿತ್ತು ಮತ್ತೆ ಕೂರಿಸತೊಡಗಿದಳು. ಗಿರಾಕಿಗಳು ಬಂದರು, ಹೋದರು. "ಪಾಪ, ಎಷ್ಟು ಹಲ್ಲು ಹೋಗಿದೆಯಪ್ಪಾ?" ಎಂದು ಅಜ್ಜಿಯೊಬ್ಬಳು ಅವನನ್ನು ವಿಚಾರಿಸಿದಳು. "ಹಲ್ಲೆಲ್ಲ ಇದೆ ಅಜ್ಜಿ, ಬುದ್ಧಿ ಮಾತ್ರ ಹೋಗಿತ್ತು," ಎಂದ. ಚಿಕ್ಕಮ್ಮನಿಗೆ ನಗು ಬಂತು. ಕೆಮ್ಮಿ ಮುಚ್ಚಿಕೊಂಡಳು.

ಅವನ ಮೊಬೈಲು ಗುಂಯ್‌ಗುಟ್ಟಿತು. ಮತ್ತೆ ಗುಂಯ್‌ಗುಟ್ಟಿತು. ಫಕ್ಕನೆ ಎದ್ದು ಹೊರಗೆ ಹೋದ.

ಅವಳ ಕೈ ನಿಂತಿತು. 'ಹೋದ... ನನಗೆ ಗೊತ್ತಿತ್ತು. ಹೋಗ್ಲಿ, ಒಳ್ಳೇದಾಯ್ತು!' ಒಳ್ಳೆಯದಾಯಿತು ಎಂದುಕೊಂಡರೂ ಕಣ್ಣೆದುರಿನ ದವಡೆ ಮಂಜಾಯಿತು. ಸೇಡು ತೀರಿಸಿಕೊಂಡವಳಿಗೆ ಅಳು ಯಾಕೆ ಬರಬೇಕು?

ಬಾಗಿಲು ಮತ್ತೆ ಕಿರ್ರೆಂದಿತು.

"ಟ್ಯಾಕ್ಸಿ ಕಾಯ್ತಿತ್ತು," ಎಂದು ಅವನು ಬೆಂಚಿನ ಮೇಲೆ ಕೂತ. "ಕಳಿಸ್ಬಿಟ್ಟೆ."

ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣು ಕಾಣುತ್ತಿತ್ತು.

ನಾಲ್ಕೂವರೆ ಆಯಿತು. ವಿಮಾನ ಹಾರಿತು. ಅದರ ಜೊತೆ ಅವನ ಗೋಲ್ಡ್ ಕಾರ್ಡೂ ಹಾರಿಹೋಯಿತು. ಐದು ಹೊಡೆದಾಗ ಅವಳು ಮೇಣದ ಚಾಕು ಕೆಳಗಿಟ್ಟು ಎದುರು ಬಂದು ನಿಂತಳು.

"ಹೇಗಿತ್ತು?"

"ಬೆಂಚು ಗಟ್ಟಿ," ಎಂದ ಅವನು. "ಬಂದವರೆಲ್ಲ ನನ್ನನ್ನೇ ನೋಡ್ತಿದ್ರು. ಯಾರಿಗೆ ಕಾಯ್ತಿದಾನೆ ಅಂತ."

"ಹೂಂ. ನನ್ನ ಕೈಯಲ್ಲಿ ಹೂವು ಬೇರೆ ಇತ್ತು."

ಅವನ ಮುಖ ಬಾಡಿತು. ಆ ಮುಖವನ್ನು ನೋಡಬೇಕೆಂದೇ ಅವಳು ಒಂದು ವರ್ಷ ಕಾದಿದ್ದಳು. ಕಣ್ತುಂಬ ನೋಡಿದಳು. ಸಾಕೆನಿಸಿತು.

"ಒಂದು ಕೇಳ್ಲಾ?" ಎಂದಳು. "ಖಾತೆಯಿಂದ ನನ್ನ ಹೆಸರು ತೆಗೆಯೋಕೆ ಒಂದು ಬಟನ್ ಒತ್ತಿದ್ರೆ ಸಾಕಿತ್ತು. ಯಾಕೆ ತೆಗೀಲಿಲ್ಲ?"

"ಫೋನ್ ಎತ್ತಲ್ಲ ನೀನು. ಇಲ್ಲಿಗೆ ಬರೋಕೆ ಮುಖ ಇರ್ಲಿಲ್ಲ. ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಉಳಿದಿದ್ದು ಅದೊಂದು ಕಡೆ. ಅದಕ್ಕೇ ತುಂಬ್ತಾ ಹೋದೆ..." ಕೆಟಲಿನ ಹಿಡಿಯನ್ನು ಸವರಿದ. "ನೀನು ಒಂದೊಂದು ಒತ್ತಿದಾಗ್ಲೂ ನನಗೆ ಮೆಸೇಜ್ ಬರ್ತಿತ್ತು, ನಿನ್ನ ಹೆಸರಲ್ಲಿ. ಇಪ್ಪತ್ತಾರು ಮೆಸೇಜು! ಮೊದಲ ಮೂರಕ್ಕೆ ಹೊಟ್ಟೆ ಉರೀತು, ನಿಜ. ಆಮೇಲೆ ಇನ್ನೊಂದು ಬರ್ಲಿ ಅಂತ ಕಾಯ್ತಾ ಕೂತೆ."

"ಹುಚ್ಚ!"

"ನಾಳೆಯಿಂದ ಮಾಮೂಲಿ ಹುಚ್ಚ. ಕಾರ್ಡಿಲ್ಲ."

"ಎಂಬತ್ತು ಸಾವಿರ ಆದ ದಿನವೇ ನಿಲ್ಲಿಸ್ಬೇಕಿತ್ತು ನೀನು," ಎಂದಳು. "ಎಲ್ಲಿಗೆ ಹೋಗ್ಬೇಕೋ ಅಷ್ಟಕ್ಕೆ ಸಾಲೋದು ಸೇರಿದ್ಮೇಲೆ ಇನ್ನೂ ಸೇರಿಸೋದು ಬರೀ ಚಟ."

"ತಪ್ಪಾಯ್ತು. ಮದುವೆ ಆಗ್ತೀಯಾ?"

"ಆಗ್ತೀನಿ. ಆದ್ರೆ ಅವತ್ತು ಬೆಂಚಿನ ಮೇಲೆ ಮೊದಲು ನೀನು ಬಂದು ಕೂತಿರ್ಬೇಕು."

ಮದುವೆಯ ದಿನ ರಿಜಿಸ್ಟರ್ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅವನು ಬಂದು ಕೂತಿದ್ದ, ಕೈಯಲ್ಲಿ ಹೂವು ಹಿಡಿದು. ಸಾಕ್ಷಿ ಹಾಕಿದ ಚಿಕ್ಕಮ್ಮನಿಗೆ ಕೆಟಲ್ ಉಡುಗೊರೆ ಸಿಕ್ಕಿತು. ಬಂದವರಿಗೆಲ್ಲ ಕೆಟಲ್ಲೇ!

ವಾರದ ಮೇಲೆ ಏರ್‌ಪೋರ್ಟಿನ ಕೌಂಟರಿನಲ್ಲಿ, ಆ ದ್ವೀಪಕ್ಕೆ ದುಡ್ಡು ಕೊಟ್ಟು ಕೊಂಡ ಎರಡು ಟಿಕೆಟ್ ನೋಡಿ ಹುಡುಗಿ ಕೇಳಿದಳು, "ಸರ್, ಮೆಂಬರ್‌ಶಿಪ್ ನಂಬರ್ ಇದೆಯಾ? ಇವತ್ತು ಡಬಲ್ ಪಾಯಿಂಟ್ಸ್."

ಅವನು ಬಾಯಿ ತೆರೆದ. ಹೆಂಡತಿ ಅವನನ್ನು ನೋಡಲಿಲ್ಲ, ಛಾವಣಿಯನ್ನು ನೋಡುತ್ತಿದ್ದಳು, ಉಸಿರು ಬಿಗಿಹಿಡಿದು.

"ಇಲ್ಲಮ್ಮಾ," ಎಂದ. "ಯಾವ ನಂಬರೂ ಇಲ್ಲ."

ಕೊನೇ ಸಾಲಿನ ಸೀಟು. ಹಿಂದಕ್ಕೆ ಬಾಗುವುದಿಲ್ಲ, ಪಕ್ಕದಲ್ಲೇ ಟಾಯ್ಲೆಟ್ಟು. ಮಂಡಿ ಮುಂದಿನ ಸೀಟಿಗೆ ಒತ್ತುತ್ತಿತ್ತು. ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಎಷ್ಟು ಹೋಯ್ತು ಹೇಳು, ಲೆಕ್ಕದವನೇ."

"ಮೂರು ಲಕ್ಷದ ಮೇಲೆ ಪಾಯಿಂಟು. ಒಂದು ಗೋಲ್ಡ್ ಕಾರ್ಡು. ಒಂದು ವರ್ಷ."

"ಬಂದಿದ್ದು?"

"ನೀನು. ಮತ್ತೆ ಎರಡು ಕೆಟಲ್ ಉಳಿದಿವೆ."

"ಆ ವರ್ಷ ವಾಪಸ್ ಬರಲ್ಲ."

"ಇಲ್ಲ," ಎಂದ ಅವನು, ಅವಳ ಕೈ ಹಿಡಿದು. "ಅದು ಬರಲ್ಲ."